ಜ್ವರ ಬಾರದ ಊರು

ಶಾಂಭವಿಗೆ ಜ್ವರ ಬಂದ ಸುದ್ದಿ ಸವಳಗೇರಿಯ ಓಣಿಯಲ್ಲಿ ಹಬ್ಬುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಮಧ್ಯಾಹ್ನದ ಊಟಕ್ಕೆಂದು ಕಾರ್ಖಾನೆಯಿಂದ ಮನೆಗೆ ಬಂದ ನೀಲಾಂಬಿಕಾ, ತನ್ನ ಬಾಗಿಲ ಮುಂದೆ ಓಣಿಯ ಹೆಂಗಸರೆಲ್ಲ ಸೆರಗು ಮೂಗಿಗೆ ಒತ್ತಿಕೊಂಡು ನಿಂತಿದ್ದನ್ನು ಕಂಡು ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿದಳು.

"ನೀಲವ್ವ, ನಿಮ್ಮ ನೆಗೆಣ್ಣಿ ಮೈ ಕೆಂಡ ಆಗೇತಿ," ಎಂದಳು ಎದುರುಮನೆಯ ಈರಮ್ಮ. "ಮುಂಜಾನೆ ನನ್ನ ಮಗಳು ಆಕಿ ತೊಡಿ ಮ್ಯಾಲ ಕುಂತಿತ್ತು. ಏನರ ಆದ್ರ ಯಾರು ಹೊಣಿ? ಆಕಿನ್ನ ತವರಮನಿಗೆ ಕಳಿಸಿಬಿಡ್ರಿ."

ಬೇರೆ ಊರಿನವರಿಗೆ ಇದು ತಮಾಷೆಯಾಗಿ ಕಂಡೀತು. ಆದರೆ ಸವಳಗೇರಿಯಲ್ಲಿ ಎರಡು ವರ್ಷದಿಂದ ಯಾರಿಗೂ ಜ್ವರ ಬಂದಿರಲಿಲ್ಲ. ಹಲ್ಲು ಬರುವ ಕೂಸಿಗೂ ಮೈ ಬಿಸಿಯಾಗಿರಲಿಲ್ಲ. ಮೊಳೆ ತುಳಿದರೆ ಕಾಲು ಬಾಯುತ್ತಿರಲಿಲ್ಲ, ಗಾಯ ಕೆಂಪಾಗುತ್ತಿರಲಿಲ್ಲ. ಜನ ಅದನ್ನು ದೇವರ ದಯೆ ಎಂದರು. ಕಾರ್ಖಾನೆಯವರು ಅದನ್ನು 'ಚಿರ'ದ ಮಹಿಮೆ ಎಂದರು. ಆ ಚಿರವನ್ನು ಕಂಡುಹಿಡಿದವರಲ್ಲಿ ನೀಲಾಂಬಿಕಾ ಮೊದಲಿಗಳು.

ಕಾಲುವೆ ನೀರು ಅತಿಯಾಗಿ ಕುಡಿದು ಉಪ್ಪುಗಟ್ಟಿದ ಸವಳು ಭೂಮಿ ಆ ಊರಿನದು. ಭತ್ತ ಬೆಳೆಯದ ಆ ನೆಲದಲ್ಲಿ ಕಾರ್ಖಾನೆಯವರು ಉದ್ದುದ್ದ ಹೊಂಡ ತೋಡಿ, ಉಪ್ಪುನೀರು ತುಂಬಿ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ಬೆಳೆಸಿದರು. ಈ ಪಾಚಿ ಮೊದಲು ಹಸಿರು. ಬಿಸಿಲು ಸುಡತೊಡಗಿ ಉಪ್ಪು ಏರಿತೆಂದರೆ, ಜೀವ ಉಳಿಸಿಕೊಳ್ಳಲು ತನ್ನೊಳಗೆ ತಾನೇ ಒಂದು ಕೆಂಪು ವಸ್ತುವನ್ನು ಹುಟ್ಟಿಸಿಕೊಳ್ಳುತ್ತದೆ. ಕಬ್ಬಿಣ ತುಕ್ಕು ಹಿಡಿಯುವುದು, ಹೆಚ್ಚಿದ ಬದನೆಕಾಯಿ ಕಪ್ಪಾಗುವುದು, ಎಣ್ಣೆ ಕಮಟುವುದು ಎಲ್ಲವೂ ಆಮ್ಲಜನಕದ ಕಿತಾಪತಿ. ಆ ಕೆಂಪು ವಸ್ತು ಆಮ್ಲಜನಕದ ಕಿಡಿಗಳನ್ನು ಹುಟ್ಟಿದಲ್ಲೇ ಆರಿಸುತ್ತದೆ. ನೀಲಾಂಬಿಕಾ ಆರಿಸಿ ತೆಗೆದ ತಳಿಯಂತೂ ಎಲ್ಲವನ್ನೂ ಮೀರಿಸಿತ್ತು. ಅದರ ಕೆಂಪು ಪುಡಿಯೇ ಚಿರ. ಒಂದು ಚಿಟಿಕೆ ಬಿದ್ದರೆ ಒಂದು ಡಬ್ಬಿ ಶೇಂಗಾ ಎಣ್ಣೆ ವರ್ಷವಾದರೂ ನಿನ್ನೆ ಗಾಣದಿಂದ ತಂದಂತಿರುತ್ತಿತ್ತು. ಊರಿನ ಭೂಮಿ ಪಡೆದ ಋಣಕ್ಕೆಂದು ಕಾರ್ಖಾನೆಯವರು ಪ್ರತಿ ಮನೆಗೂ ಚಿರ ಬೆರೆಸಿದ ಎಣ್ಣೆಯನ್ನು ಪುಕ್ಕಟೆ ಹಂಚುತ್ತಿದ್ದರು. ಬರುವ ತಿಂಗಳು ಅದು ರಾಜ್ಯದ ಎಲ್ಲ ಅಂಗಡಿಗಳಿಗೆ ಹೋಗುವುದಿತ್ತು.

ನೀಲಾಂಬಿಕಾ ಒಳಗೆ ಹೋದಳು. ಶಾಂಭವಿ ನಡುಮನೆಯ ಮೂಲೆಯಲ್ಲಿ ಕೌದಿ ಹೊದ್ದು ನಡುಗುತ್ತಿದ್ದಳು. ವಿಜಯಪುರದ ಕಡೆಯ ಹುಡುಗಿ. ಮೈದುನ ಮಹಾಂತೇಶನನ್ನು ಮದುವೆಯಾಗಿ ಯುಗಾದಿಯ ನಂತರ ಈ ಮನೆಗೆ ಬಂದವಳು. ಮಹಾಂತೇಶ ಅದೇ ಕಾರ್ಖಾನೆಯಲ್ಲಿ ಹೊಂಡಗಳ ಉಸ್ತುವಾರಿ ನೋಡುತ್ತಿದ್ದ. ನೀಲಾಂಬಿಕಾ ಅವಳ ಹಣೆ ಮುಟ್ಟಿ ನೋಡಲು ಕೈ ಚಾಚಿದಳು. ಚಾಚಿದ ಕೈ ತಾನಾಗಿಯೇ ಅರ್ಧದಲ್ಲಿ ನಿಂತಿತು. ಇವಳು ಎಲ್ಲಿಂದ ಏನು ಹೊತ್ತು ತಂದಳೋ? ಒಂಬತ್ತು ವರ್ಷದ ಮಗಳು ದಾಕ್ಷಾಯಿಣಿ ಮೂರು ಹೊತ್ತೂ ಇವಳ ಮಗ್ಗುಲಲ್ಲೇ ಇರುತ್ತಾಳೆ. ವಿಜ್ಞಾನ ಓದಿದವಳಿಗೂ ಆ ಹೊತ್ತಿಗೆ ಈರಮ್ಮನ ಬುದ್ಧಿಯೇ ಬಂದಿತ್ತು.

ಊರಿನ ವೈದ್ಯೆ ನಸ್ರೀನ್ ಬಂದು ನೋಡಿದರು. ದಾವಣಗೆರೆಯ ಕಡೆಯವರು, ನೇರ ಮಾತಿನವರು. ಶಾಂಭವಿಯ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ ನಕ್ಕುಬಿಟ್ಟರು.

"ಗಂಟಲು ಬಾತಿದೆ, ಅಷ್ಟೇ. ಮೊದಲೆಲ್ಲ ದಿನಕ್ಕೆ ಇಂಥ ಇಪ್ಪತ್ತು ಜನ ಬರ್ತಿದ್ರು ನನ್ನ ಹತ್ರ." ಗುಳಿಗೆ ಕೊಟ್ಟು ಹೊರಟವರು ಅಂಗಳದಲ್ಲಿ ನಿಂತು ನೀಲಾಂಬಿಕಾಳನ್ನು ಪಕ್ಕಕ್ಕೆ ಕರೆದರು. "ಇವಳಿಗೆ ಯಾಕೆ ಜ್ವರ ಬಂತು ಅನ್ನೋದು ನನ್ನ ಪ್ರಶ್ನೆ ಅಲ್ಲಮ್ಮ. ನಿಮಗೆಲ್ಲ ಯಾಕೆ ಬರ್ತಿಲ್ಲ?"

"ಬರದಿದ್ರ ಒಳ್ಳೇದಲ್ಲೇನ್ರಿ ಮೇಡಂ?"

"ಟೇಲರ್ ಹುಸೇನಪ್ಪ ತೀರಿಹೋದ್ರಲ್ಲ, ಹಿಂದಿನ ದಿನ ಸಂಜೆವರೆಗೂ ಹೊಲಿಗೆ ಹಾಕ್ತಿದ್ರು. ರಾತ್ರಿ ನನ್ನ ಹತ್ರ ತಂದಾಗ ನೋಡಿದ್ರೆ ಎರಡೂ ಶ್ವಾಸಕೋಶ ಕೆಟ್ಟುಹೋಗಿತ್ತು. ಅಷ್ಟು ಕೆಡೋವರೆಗೂ ಮೈ ಬಿಸಿ ಆಗ್ಲಿಲ್ಲ. ಮನೇಲಿ ಬೆಂಕಿ ಬಿದ್ರೂ ಹೊಗೆ ಬರದ ಹಾಗಿತ್ತು. ಒಬ್ಬರಾದ್ರೆ ಹಣೆಬರಹ ಅನ್ನಬಹುದು. ನಾನು ನೋಡಿದ್ದು ಅವರೊಬ್ಬರನ್ನೇ ಅಲ್ಲ."

ನೀಲಾಂಬಿಕಾಳಿಗೆ ಸಿಟ್ಟು ಬಂತು. ಆಸ್ಪತ್ರೆ ಬಿಕೋ ಎನ್ನುತ್ತಿದೆ, ಅದಕ್ಕೇ ಈಕೆಗೆ ಊರಿನ ಆರೋಗ್ಯ ಕಣ್ಣು ಚುಚ್ಚುತ್ತಿದೆ ಎಂದುಕೊಂಡಳು. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದು ಕೂತಿತು.

ಅಂದಿನಿಂದ ಅವಳು ಶಾಂಭವಿಯ ಮೇಲೆ ಕಣ್ಣಿಟ್ಟಳು. ಜ್ವರ ಇಳಿದ ಮೇಲೂ ಆ ಹುಡುಗಿ ಮೊದಲಿನಂತೆಯೇ ಎಲ್ಲರ ಜೊತೆ ಉಣ್ಣುತ್ತಿರಲಿಲ್ಲ. "ನೀವು ಮುಗಿಸ್ರಿ ಅಕ್ಕಾ, ನಾ ಆಮ್ಯಾಲ ಉಣ್ತೀನಿ" ಎನ್ನುತ್ತಿದ್ದಳು. ಎಲ್ಲರೂ ಎದ್ದ ಮೇಲೆ ತಟ್ಟೆ ಹಿಡಿದು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದಳು. ಒಂದು ರವಿವಾರ ನೀಲಾಂಬಿಕಾ ಆ ಬಾಗಿಲನ್ನು ದೂಡಿಯೇಬಿಟ್ಟಳು. ಶಾಂಭವಿ ಟ್ರಂಕಿನ ಮುಂದೆ ಕೂತು, ಒಂದು ಗಾಜಿನ ಬಾಟಲಿಯಿಂದ ಬಿಳಿಜೋಳದ ರೊಟ್ಟಿಯ ಮೇಲಿನ ಚಟ್ನಿಪುಡಿಗೆ ಏನನ್ನೋ ಸುರುವಿಕೊಳ್ಳುತ್ತಿದ್ದಳು.

"ಏನದು?"

ಹುಡುಗಿ ಬಿಳಿಚಿಕೊಂಡಳು. "ಕುಸುಬಿ ಎಣ್ಣಿ ಅಕ್ಕಾ. ತವರಿಂದ ತಂದದ್ದು."

"ಮನ್ಯಾಗ ಡಬ್ಬಿಗಟ್ಟಲೆ ಎಣ್ಣಿ ಇರುವಾಗ ಕದ್ದು ಉಣ್ಣೂದು ಯಾಕ?"

"ಆ ಎಣ್ಣಿ ನನಗ ಒಗ್ಗಂಗಿಲ್ಲ. ಬಾಯಾಗ ಇಟ್ರ ಹೊಟ್ಟಿ ತೊಳಸ್ತದ. ಬಂದ ದಿನದಿಂದ ಅದರಾಗ ಮಾಡಿದ್ದು ಏನೂ ಉಂಡಿಲ್ಲ ನಾನು. ಬರೇ ರೊಟ್ಟಿ, ಮೊಸರು, ಈ ಚಟ್ನಿ." ಅವಳ ಕಣ್ಣಲ್ಲಿ ನೀರಾಡಿತು. "ನೀವು ಕಂಡುಹಿಡಿದದ್ದು ಅಂತ ಎಲ್ಲಾರೂ ಹೆಮ್ಮಿಲೆ ಹೇಳ್ತಾರ. ನಿಮ್ಮ ಮುಂದ ಹೆಂಗ ಹೇಳ್ಲಿ? ಅಂಜಿಕಿ ಆತು."

ನೀಲಾಂಬಿಕಾ ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಇಡೀ ಊರಿನಲ್ಲಿ ಜ್ವರ ಬಂದದ್ದು ಒಬ್ಬಳಿಗೆ. ಚಿರ ತಿನ್ನದವಳೂ ಅವಳೊಬ್ಬಳೇ. ಆವರೆಗೆ ಹುಡುಗಿಯ ಮೇಲಿದ್ದ ಅನುಮಾನ ಗಾಳಿ ದಿಕ್ಕು ಬದಲಿಸಿದಂತೆ ಬಂದು ಅವಳದೇ ಮುಖಕ್ಕೆ ಹೊಡೆಯಿತು.

ಮರುದಿನ ಅವಳು ಶಾಂಭವಿಯನ್ನು ಕಾರ್ಖಾನೆಯ ಪ್ರಯೋಗಶಾಲೆಗೆ ಕರೆದೊಯ್ದಳು. ನಮ್ಮ ರಕ್ತದ ಬಿಳಿಕಣಗಳು ರೋಗಾಣುವನ್ನು ನುಂಗಿ ಸುಮ್ಮನೆ ಕೂರುವುದಿಲ್ಲ. ಅದರ ಮೇಲೆ ಆಮ್ಲಜನಕದ ಕಿಡಿ ಉಗುಳಿ ಸುಟ್ಟುಹಾಕುತ್ತವೆ. ಎಣ್ಣೆ ಕೆಡಿಸುವ ಕಿಡಿಯೂ ನಮ್ಮನ್ನು ಕಾಯುವ ಕಿಡಿಯೂ ಒಂದೇ ಜಾತಿಯವು. ಅದನ್ನು ನೋಡಲು ಒಂದು ಹಳದಿ ಬಣ್ಣದ ದ್ರಾವಣವಿದೆ. ಬಿಳಿಕಣಗಳನ್ನು ಕೆಣಕಿ ಅದರೊಳಗೆ ಬಿಟ್ಟರೆ, ಕಿಡಿ ಹಾರಿದಲ್ಲೆಲ್ಲ ಹಳದಿ ಹೋಗಿ ಕಡುನೀಲಿಯಾಗುತ್ತದೆ. ಶಾಂಭವಿಯ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ರಾತ್ರಿಯ ಚೂರುಗಳನ್ನು ಚೆಲ್ಲಿದಂತೆ ನೀಲಿ ಕಂಡಿತು. ತನ್ನ ಬೆರಳು ಚುಚ್ಚಿಕೊಂಡು ಇಟ್ಟಳು. ಹಳದಿ ಹಳದಿಯಾಗಿಯೇ ಉಳಿಯಿತು. ದ್ರಾವಣವೇ ಹಳತಾಯಿತೇನೋ ಎಂದು ಹೊಸದನ್ನು ಕಲಸಿದಳು. ಮಹಾಂತೇಶನನ್ನು ಹೊಂಡದ ಕಟ್ಟೆಯಿಂದ ಕರೆಸಿ ಅವನದನ್ನೂ ನೋಡಿದಳು. ಅವನದೂ ಹಳದಿಯೇ.

ಚಿರ ಕೊಬ್ಬಿನಲ್ಲಿ ಕರಗುವ ವಸ್ತು. ಕೆಡದ ವಸ್ತು ದೇಹದಲ್ಲೂ ಕೆಟ್ಟಿರಲಿಲ್ಲ. ಇಲಿಗಳಿಗೆ, ಸ್ವಯಂಸೇವಕರಿಗೆ ಕೆಲವು ವಾರ ತಿನ್ನಿಸಿ ನೋಡಿದಾಗ ಯಾವ ತೊಂದರೆಯೂ ಕಾಣದ್ದು ನಿಜ. ವರ್ಷಗಟ್ಟಲೆ ತಿಂದರೆ ಎಷ್ಟು ಕೂಡಿಬೀಳುತ್ತದೆ ಎಂದು ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಕಾರ್ಖಾನೆಯ ನಿರ್ದೇಶಕ ಡಾ. ಯಶವಂತ ಹಾದಿಮನಿ ಕೇಳಿಸಿಕೊಂಡರು. ಮೃದುಮಾತಿನ ಮನುಷ್ಯ, ಎಂದೂ ದನಿ ಎತ್ತಿದವರಲ್ಲ.

"ಒಬ್ಬ ಹುಡುಗಿ ನೀಲಿ, ಇಬ್ಬರು ಹಳದಿ. ಇಷ್ಟರ ಮೇಲೆ ಏನು ಹೇಳೋಕಾಗ್ತದೆ ನೀಲಾಂಬಿಕಾ?"

"ಇನ್ನೂ ಜನರ ರಕ್ತ ತಗೊಂಡು ನೋಡ್ತೀನಿ ಸರ್. ಅಲ್ಲೀತನಕ ಅಂಗಡಿಗಳಿಗೆ ಲಾರಿ ಕಳಿಸೂದು ಬ್ಯಾಡ."

ಅವರು ಕನ್ನಡಕ ತೆಗೆದು ಒರೆಸಿದರು. "ಯಾರ ಮುಂದೆ ಹೇಳಿದ್ದೀರಿ ಇದನ್ನ?"

"ಯಾರ ಮುಂದೂ ಇಲ್ಲ."

"ಸದ್ಯಕ್ಕೆ ಹಾಗೇ ಇರಲಿ."

ಆ 'ಹಾಗೇ ಇರಲಿ' ಅವಳಿಗೆ ಸರಿಬರಲಿಲ್ಲ. ಮರುದಿನ ಬೆಳಿಗ್ಗೆ ಪ್ರಯೋಗಶಾಲೆಯ ಬೀರು ತೆಗೆದರೆ ಹಳದಿ ದ್ರಾವಣದ ಪುಡಿಯ ಬಾಟಲಿಯೇ ಇರಲಿಲ್ಲ. ಬೀರುವಿನ ಇನ್ನೊಂದು ಕೀಲಿ ಇದ್ದದ್ದು ಹಾದಿಮನಿಯವರ ಹತ್ತಿರ. ಅವರು ಅಂದು ಕಚೇರಿಗೂ ಬಂದಿರಲಿಲ್ಲ, ಫೋನನ್ನೂ ಎತ್ತಲಿಲ್ಲ. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಎಲ್ಲರೂ ಕೂಡಿ ಮುಚ್ಚಿಹಾಕುತ್ತಿದ್ದಾರೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಎದುರಾದವರ ನಗುವಿನಲ್ಲೂ ಏನೋ ಬಚ್ಚಿಟ್ಟಂತೆ ಕಂಡಿತು.

ಮಧ್ಯಾಹ್ನ ಮನೆಗೆ ಬಂದಾಗ ದಾಕ್ಷಾಯಿಣಿ ಮಂಚದ ಮೇಲೆ ಮಲಗಿದ್ದಳು. ಶಾಲೆಯಲ್ಲಿ ಮಾಸ್ತರನಾಗಿದ್ದ ಗಂಡ ಚನ್ನವೀರ ಆಟದ ಬಿಡುವಿನಲ್ಲೇ ಮಗಳನ್ನು ಕರೆತಂದಿದ್ದ.

"ದಣಿವಾಗೇತಿ ಅಂತಾಳ. ಏನೂ ಇಲ್ಲ, ಮೈ ತಣ್ಣಗೈತಿ ನೋಡು," ಎಂದ.

ಹಿಂದಿನ ವಾರವಾಗಿದ್ದರೆ ಆ ಮಾತು ಕೇಳಿ ಅವಳು ಸಮಾಧಾನಪಡುತ್ತಿದ್ದಳು. ಈಗ ಆ ತಣ್ಣನೆಯ ಹಣೆಯೇ ಅವಳಿಗೆ ಭಯ ಹುಟ್ಟಿಸಿತು. ಅಂಗಿ ಸರಿಸಿ ಮಗಳ ಎದೆಯನ್ನೇ ನೋಡುತ್ತ ಕೂತಳು. ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಎಳೆದು ಎಳೆದು ಬಿಡುತ್ತಿತ್ತು. ಗುಬ್ಬಿಯ ಉಸಿರಿನ ಹಾಗಿತ್ತು ಅದು. ಮಗು ನಕ್ಕು, "ಏನ್ ನೋಡ್ತಿ ಅವ್ವಾ?" ಎಂದಿತು. ತುಟಿಯ ಅಂಚು ಬಣ್ಣಗೆಟ್ಟಿತ್ತು.

"ಗಾಡಿ ತಗೀರಿ," ಎಂದಳು ನೀಲಾಂಬಿಕಾ. "ಕೇಳಬ್ಯಾಡ್ರಿ, ಮೊದಲು ತಗೀರಿ."

ನಸ್ರೀನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಬಲಗಡೆಯ ಶ್ವಾಸಕೋಶದ ಮುಕ್ಕಾಲು ಬೆಳ್ಳಗಾಗಿತ್ತು. "ನ್ಯುಮೋನಿಯಾ. ಬೇರೆ ಮಗುವಾಗಿದ್ರೆ ನಾಲ್ಕು ದಿನದ ಹಿಂದೆಯೇ ಮೈ ಸುಡ್ತಿತ್ತು, ನೀವು ಓಡಿಬರ್ತಿದ್ರಿ."

"ಔಷಧ?"

"ಕೊಡ್ತೀನಿ. ಆದ್ರೆ ಔಷಧ ಒಂದೇ ಎಲ್ಲ ಮಾಡಲ್ಲಮ್ಮ, ಅರ್ಧ ಕೆಲಸ ರಕ್ತ ಮಾಡಬೇಕು. ಟೇಲರ್‌ಗೂ ಔಷಧ ಕೊಟ್ಟಿದ್ದೆ."

ನೀಲಾಂಬಿಕಾ ಅಲ್ಲಿಯೇ, ಗಂಡನ ಮುಂದೆಯೇ, ನೀಲಿ-ಹಳದಿಯ ಕಥೆಯನ್ನೆಲ್ಲ ಹೇಳಿದಳು. ಚನ್ನವೀರ ಹೆಂಡತಿಯನ್ನು ಯಾರೋ ಗುರುತಿಲ್ಲದವಳನ್ನು ನೋಡುವಂತೆ ನೋಡಿದ. ಆ ನೋಟ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ನಸ್ರೀನ್ ಮಾತ್ರ ತಡಮಾಡಲಿಲ್ಲ. "ಹಾಗಾದ್ರೆ ಇವಳಿಗೆ ಬೇಕಾಗಿರೋದು ಬೇರೆಯವರ ಬಿಳಿಕಣ. ಬಳ್ಳಾರಿಯಲ್ಲಿ ನನ್ನ ಗೆಳತಿ ಇದ್ದಾಳೆ, ಅವಳ ಆಸ್ಪತ್ರೆಯಲ್ಲಿ ಯಂತ್ರ ಇದೆ. ದಾನಿಗಳು ಬೇಕು, ದಿನಕ್ಕೊಬ್ಬರಂತೆ, ನಿಮ್ಮ ಎಣ್ಣೆ ತಿನ್ನದವರು. ಆ ರಕ್ತ ಬೇಗ ಹಳತಾಗ್ತದೆ, ಕೂಡಿಡೋಕೆ ಬರಲ್ಲ."

"ನಾ ಕೊಡ್ತೀನಿ," ಎಂದಳು ಹಿಂದೆಯೇ ಓಡಿಬಂದಿದ್ದ ಶಾಂಭವಿ.

"ನಿಂಗೆ ಈಗಷ್ಟೇ ಗಂಟಲು ವಾಸಿಯಾಗಿದೆ. ನಿನ್ನದು ತಗೊಳ್ಳಲ್ಲ."

ಶಾಂಭವಿ ಫೋನು ಹಿಡಿದು ಹೊರಗೆ ಹೋದಳು. ಅವಳ ದನಿ ಕಿಟಕಿಯಿಂದ ಕೇಳಿಸಿತು. "ಅಣ್ಣಾ, ಏನೂ ಕೇಳಬ್ಯಾಡ. ನೀ, ಬಸು, ಕಾಕಾನ ಮಕ್ಕಳು ಎಲ್ಲಾರೂ ಬಳ್ಳಾರಿಗೆ ಬರ್ರಿ. ಈಗ ಹೊಂಡ್ರಿ. ಊಟ ಗೀಟ ದಾರ್ಯಾಗ ಮಾಡ್ರಿ. ಹೂಂ, ನನ್ನ ಕೂಸೇ. ನನ್ನದಲ್ಲದ ಮತ್ತ್ಯಾರದು?"

ಬಳ್ಳಾರಿಯಲ್ಲಿ ಮೊದಲ ಎರಡು ದಿನ ಏನೂ ಆಗಲಿಲ್ಲ. ಶಾಂಭವಿಯ ಅಣ್ಣಂದಿರಲ್ಲಿ ರಕ್ತದ ಗುಂಪು ಹೊಂದಿದವರು ಸರದಿಯಂತೆ ಯಂತ್ರದ ಮಗ್ಗುಲಲ್ಲಿ ತೋಳು ಚಾಚಿ ಮಲಗಿದರು. ಅವರ ರಕ್ತದಿಂದ ಬೇರ್ಪಟ್ಟ ಬಿಳಿಕಣಗಳು ಚೀಲದಲ್ಲಿ ಕೂಡಿ ಮಗುವಿನ ಮೈಗೆ ಇಳಿದವು. ದಾಕ್ಷಾಯಿಣಿ ತಣ್ಣಗೆ, ಸದ್ದಿಲ್ಲದೆ ಏದುಸಿರು ಬಿಡುತ್ತಲೇ ಇದ್ದಳು. ಚನ್ನವೀರ ಹೆಂಡತಿಯ ಜೊತೆ ಮಾತಾಡುತ್ತಿರಲಿಲ್ಲ. ನರ್ಸು ತಂದ ಗುಳಿಗೆಯನ್ನು ಸಹ ಅವಳ ಕೈಗೆ ಕೊಡದೆ ತಾನೇ ಇಸಿದುಕೊಳ್ಳುತ್ತಿದ್ದ.

ಅಲ್ಲಿಗೆ ಹಾದಿಮನಿ ಬಂದರು. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ವರಾಂಡದ ಬೆಂಚಿನ ಮೇಲೆ ಕೂತಿದ್ದ ನೀಲಾಂಬಿಕಾಳ ಪಕ್ಕದಲ್ಲಿ, ಬೀರುವಿನಿಂದ ಕಾಣೆಯಾಗಿದ್ದ ಆ ಬಾಟಲಿ ಇಟ್ಟರು.

"ಸುಟ್ಟುಹಾಕಿರ್ತೀರಿ ಅಂದ್ಕೊಂಡಿದ್ದೆ," ಎಂದಳು ಅವಳು, ತಲೆ ಎತ್ತದೆ.

"ಮನೆಗೆ ಒಯ್ದಿದ್ದೆ. ಮಗಳು ಬಾಣಂತನಕ್ಕೆ ಬಂದಿದಾಳಲ್ಲ, ಗಂಡನ ಮನೆಗೂ ಇದೇ ಎಣ್ಣೆ ಕಳಿಸ್ತಿದ್ದೆ. ಮೊದಲು ನನ್ನದು ನೋಡಿದೆ, ಆಮೇಲೆ ಅವಳದು." ಅವರ ದನಿ ಬಿತ್ತು. "ಹುಟ್ಟಿ ತಿಂಗಳು ತುಂಬದ ಕೂಸು ನೀಲಾಂಬಿಕಾ. ಒಂದು ಹನಿ ಎಣ್ಣೆ ತಿಂದಿಲ್ಲ. ಅದರದೂ ಹಳದಿ. ತಾಯಿಯಿಂದ ಇಳಿದಿದೆ."

ಅವಳು ಬಾಟಲಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅವರು ಮುಂದುವರಿಸಿದರು.

"ಲಾರಿ ನಿಲ್ಲಿಸಿದೀನಿ. ಮಾಲೀಕರಿಗೆ, ಸರ್ಕಾರಕ್ಕೆ, ಪತ್ರಿಕೆಯವರಿಗೆ ಒಂದೇ ದಿನ ಹೇಳಿದೆ. ಯಾರಿಗೂ ಮುಚ್ಚೋಕೆ ಸಮಯ ಸಿಗಬಾರದು ಅಂತ. ನನ್ನನ್ನ ಇವತ್ತು ತೆಗೆದ್ರು."

ನೀಲಾಂಬಿಕಾಳಿಗೆ ಅವರ ಮೇಲೆ ಕನಿಕರ ಬಂತು. ಆದರೂ ಕೇಳದೆ ಇರಲಾಗಲಿಲ್ಲ. "ಮೊದಲೇ ಗೊತ್ತಿತ್ತೇನ್ರಿ ಸರ್ ನಿಮಗ? ಟೇಲರ್ ಸತ್ತಾಗ?"

"ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲಿಲ್ಲ. ನೀವು?"

ಅವಳ ಹತ್ತಿರವೂ ಅದೇ ಉತ್ತರ ಇತ್ತು.

ಮೂರನೆಯ ದಿನ ನಸುಕಿನಲ್ಲಿ ಚನ್ನವೀರ ವರಾಂಡಕ್ಕೆ ಓಡಿಬಂದು ಹೆಂಡತಿಯ ತೋಳು ಹಿಡಿದು ಜಗ್ಗಿದ. ಮಗಳ ಕಥೆ ಮುಗಿಯಿತೆಂದೇ ತಿಳಿದು ಅವಳು ಒಳಗೆ ಹೋದಳು. ದಾಕ್ಷಾಯಿಣಿಯ ಕೆನ್ನೆ ಕೆಂಪಗೆ ಉರಿಯುತ್ತಿತ್ತು, ಹಲ್ಲು ಕಟಕಟನೆ ನಡುಗುತ್ತಿದ್ದವು. ನೀಲಾಂಬಿಕಾ ಹಣೆಯ ಮೇಲೆ ಅಂಗೈ ಇಟ್ಟಳು. ಅದು ಕಾದ ಹಂಚಿನಂತಿತ್ತು.

"ಜ್ವರ," ಎಂದ ಚನ್ನವೀರ, ನಗುತ್ತಲೋ ಅಳುತ್ತಲೋ. "ನೀಲಾ, ಜ್ವರ ಬಂತು!"

ಗೋಡೆಗೊರಗಿ ನಿದ್ದೆ ಹೋಗಿದ್ದ ಶಾಂಭವಿಯ ಅಣ್ಣ ಎದ್ದು ಕೂತು, ಜ್ವರ ಬಂದದ್ದಕ್ಕೆ ಅಪ್ಪಿಕೊಂಡು ಅಳುವ ಗಂಡಹೆಂಡಿರನ್ನು ಕಣ್ಣು ಬಿಟ್ಟು ನೋಡಿದ.

ಮಗು ಉಳಿಯಿತು. ಆದರೆ ಊರಿಗೆ ಹಿಂದಿರುಗಿದಾಗ ಅದು ಹಳೆಯ ಊರಾಗಿರಲಿಲ್ಲ. ಹೊಂಡಗಳ ನೀರು ಬತ್ತಿ ತಳದಲ್ಲಿ ಕೆಂಪು ಹಕ್ಕಳೆ ಎದ್ದಿತ್ತು. ಮೈಯೊಳಗಿನ ಚಿರ ಕರಗಲು ವರ್ಷಗಳೇ ಬೇಕೆಂದು ತಜ್ಞರು ಹೇಳಿಹೋಗಿದ್ದರು. ಅಲ್ಲಿಯವರೆಗೆ ಉಸಿರು ಎಣಿಸಿರಿ, ಮೈ ತಣ್ಣಗಿದೆಯೆಂದು ನಂಬಬೇಡಿರಿ ಎಂದು ನಸ್ರೀನ್ ಓಣಿ ಓಣಿಗೆ ಹೋಗಿ ಕಲಿಸುತ್ತಿದ್ದರು. ಹುಸೇನಪ್ಪನ ಹೆಂಡತಿಯ ಮನೆಗೆ ನೀಲಾಂಬಿಕಾ ಒಬ್ಬಳೇ ಹೋಗಿ ಎಲ್ಲವನ್ನೂ ಹೇಳಿದಳು. ಆಕೆ ಕೇಳಿ ಮುಗಿಸಿ, ಬಾಗಿಲು ಹಾಕಿಕೊಂಡಳು. ಬೈಯಲಿಲ್ಲ. ಶಾಂಭವಿ ಮಾತ್ರ ಯಾರ ಮನೆಯ ಮುಂದೆ ಹಾದರೂ ಆ ಮನೆಯ ಹೆಂಗಸರು "ಬಾರವ್ವ, ಒಂದೀಟು ಚಾ ಕುಡದು ಹೋಗು" ಎನ್ನುತ್ತಿದ್ದರು.

ದಾಕ್ಷಾಯಿಣಿ ಎದ್ದು ಕೂತು ಉಣ್ಣುವಂತಾದ ದಿನ ನೀಲಾಂಬಿಕಾ ತಾನೇ ಅಡುಗೆ ಮಾಡಿದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ. ಮಗು ತಟ್ಟೆಯನ್ನು ಮುಂದೆಳೆದುಕೊಂಡು ಬಗ್ಗಿ ಮೂಸಿತು. ರೊಟ್ಟಿ ಮುರಿಯಲಿಲ್ಲ.

"ಇದು ಚಿಗವ್ವ ಮಾಡಿದ್ದಾ, ನೀ ಮಾಡಿದ್ದಾ?"

"ನಾ ಮಾಡಿದ್ದು."

"ಇದರಾಗ ಏನೇನು ಹಾಕಿದಿ?"

ಚನ್ನವೀರ ಮಗಳನ್ನು ಗದರಲು ಹೋದ. ನೀಲಾಂಬಿಕಾ ಕೈಸನ್ನೆಯಿಂದ ಅವನನ್ನು ತಡೆದಳು. ಮಗಳ ಎದುರಿಗೆ ಕೂತು, ಹೆಸರುಕಾಳು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಉಪ್ಪು, ಕುಸುಬಿ ಎಣ್ಣಿ ಎಂದು ಒಂದೊಂದಾಗಿ ಹೇಳಿದಳು. ಅವಳ ಕಣ್ಣು ಮಂಜಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಖರೇನಾ?"

"ಖರೆ. ಇನ್ನ ಮ್ಯಾಲ ದಿನಾ ಕೇಳು. ನನ್ನ ಕೇಳು, ಯಾರನ್ನರ ಕೇಳು."

ತಟ್ಟೆಯಿಂದ ಒಂದು ತುತ್ತು ಮುರಿದು ಅವಳು ಮೊದಲು ತಾನು ತಿಂದಳು. ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ತುತ್ತು ಗಂಟಲಲ್ಲಿ ಇಳಿಯುವವರೆಗೂ ನೋಡಿದಳು. ಆಮೇಲೆ ನಿಧಾನವಾಗಿ ಕೈ ಚಾಚಿ ರೊಟ್ಟಿ ಮುರಿದಳು.